ಅಡ್ಡಗೋಡೆಯ ಮೇಲಿನ ಮಗ್ಗಿ

ನಮ್ಮ ಶಾಲೆಗೆ ಇರುವುದು ಒಂದೇ ಕೋಣೆ. ಅದನ್ನು ಎರಡು ಮಾಡಲು ಯಾರೋ ಪುಣ್ಯಾತ್ಮರು ನಡುವೆ ಗೋಡೆ ಎಬ್ಬಿಸಲು ಹೊರಟಿದ್ದರು. ಅದು ನನ್ನ ತಲೆಗಿಂತ ಒಂದು ಗೇಣು ಮೇಲೆ ಬರುವಷ್ಟರಲ್ಲಿ ಇಟ್ಟಿಗೆ ಮುಗಿದವೋ, ಉತ್ಸಾಹ ಮುಗಿಯಿತೋ, ಅಲ್ಲಿಗೇ ಬಿಟ್ಟರು. ಅಲ್ಲಿಂದ ಮಾಡಿನವರೆಗೂ ಬರೀ ಗಾಳಿ. ಈಚೆ ಒಂದನೇ ಎರಡನೇ ತರಗತಿ, ಅದು ನನ್ನದು. ಆಚೆ ಮೂರನೇ ನಾಲ್ಕನೇ ತರಗತಿ, ಅದು ಹೆಡ್‌ಮೇಷ್ಟ್ರದು. ಹೆಡ್‌ಮೇಷ್ಟ್ರು ಅಂದರೆ ನನ್ನ ಗಂಡ. ಶಾಲೆಯಲ್ಲಿ ಇರುವುದು ನಾವಿಬ್ಬರೇ ಆದ್ದರಿಂದ ಅವರು ಹೆಡ್ಡು, ನಾನು ಉಳಿದದ್ದೆಲ್ಲ.

ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ. ನಮ್ಮ ಗೋಡೆಗೆ ಬಾಯಿಯೂ ಇತ್ತು. ಅವರು ಆಚೆ ಮರುಭೂಮಿಯ ಪಾಠ ಶುರುಮಾಡಿದರೆ ಈಚೆ ನನ್ನ ಪುಟಾಣಿಗಳು ಅ, ಆ ಬಿಟ್ಟು ಒಂಟೆ ಒಂಟೆ ಅಂತ ಕುಣಿಯುವರು. ನಾನು ಪದ್ಯ ಹೇಳಿಸಿದರೆ ಆಚೆಯ ದೊಡ್ಡವರು ಲೆಕ್ಕ ಬಿಟ್ಟು ಬೆಂಚಿನ ಮೇಲೆ ತಾಳ ಹಾಕುವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಇದರಿಂದ ತಲೆ ಚಿಟ್ಟು ಹಿಡಿದಿತ್ತು. ಬಂದವರ ಹತ್ತಿರ, ಹೋದವರ ಹತ್ತಿರ, ಈ ಗೋಡೆಯೊಂದನ್ನು ಪೂರ್ತಿ ಮಾಡಿಸಿಕೊಡಿ ಎಂದು ಗೋಗರೆದಿದ್ದೆ. ಶಾಲೆ ಸುಧಾರಿಸಬೇಕಾದರೆ ಮೊದಲು ಗೋಡೆ, ಆಮೇಲೆ ಮಿಕ್ಕಿದ್ದು ಎಂದು ಶಾಲಾ ಸಮಿತಿಯ ಸಭೆಯಲ್ಲಿ ಮೇಜು ಗುದ್ದಿದ್ದೂ ಉಂಟು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ನಮ್ಮವರ ಕಿವಿ ಮಂದವಾಗುತ್ತ ಬಂತು. ಮೊದಲು ಗಡಿಯಾರದ ಸದ್ದು ಹೋಯಿತು, ಆಮೇಲೆ ಬಾಗಿಲು ತಟ್ಟುವ ಸದ್ದು, ಕೊನೆಗೆ ಮಕ್ಕಳ ಮಾತು. ನನ್ನ ಮಾತು ಮಾತ್ರ ಉಳಿಯಿತು, ಏಕೆಂದರೆ ನನ್ನ ಗಂಟಲು ಹಾಗಿದೆ. ನಮ್ಮತ್ತೆ ನನ್ನನ್ನು ಮೊದಲ ಸಲ ನೋಡಿದ ದಿನವೇ, ‘ಹುಡುಗಿ ಲಕ್ಷಣವಾಗಿದ್ದಾಳೆ, ಬಾಯಿಗೊಂದು ಮುಚ್ಚಳ ಇದ್ದಿದ್ದರೆ ಚೆನ್ನಾಗಿತ್ತು’ ಅಂದಿದ್ದರಂತೆ. ಕಿವಿಯ ವಿಷಯ ಮನೆಯಲ್ಲಿ ನಾವು ಎತ್ತಲಿಲ್ಲ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಏನಂದರೂ ‘ಹೂಂ’ ಅನ್ನುವುದನ್ನು ಅವರು ಕಲಿತರು, ಏನನ್ನೂ ಎರಡು ಸಲ ಹೇಳುವುದನ್ನು ನಾನು ಕಲಿತೆ.

ಶಾಲೆಯಲ್ಲಿ ಅಡ್ಡಗೋಡೆಯೇ ನಮ್ಮನ್ನು ಕಾಪಾಡುತ್ತಿತ್ತು. ಆಚೆ ಅವರು ಒಂದು ಮಗುವನ್ನು ಎಬ್ಬಿಸಿ ‘ಏಳೆಂಟ್ಲಿ?’ ಎಂದು ಕೇಳುವರು. ಮಗು ಏನೋ ಗೊಣಗುವುದು. ತಕ್ಷಣ ನಾನು ಈಚೆಯಿಂದ, ನನ್ನ ಮಕ್ಕಳಿಗೇ ಹೇಳಿಕೊಡುವವಳ ಹಾಗೆ, ‘ಏಳೆಂಟ್ಲಿ ಐವತ್ತಾರು’ ಎಂದು ಗಂಟಲು ಎತ್ತುವೆ. ನನ್ನ ಪುಟಾಣಿಗಳು ಹಿಂದೆಯೇ ಒಕ್ಕೊರಲಲ್ಲಿ ಕೂಗುವರು. ಆಚೆಯಿಂದ ‘ಭೇಷ್, ಕೂತ್ಕೋ’ ಎಂದು ಬರುವುದು. ಮಗು ತಪ್ಪು ಗೊಣಗಿದ್ದರೆ ನನ್ನ ನಾಲಿಗೆ ತಾನಾಗಿಯೇ ಸರಿಮಾಡಿ ಹೇಳಿಬಿಡುವುದು. ಟೀಚರುಗಳ ನಾಲಿಗೆಗೆ ಅದೊಂದು ಚಾಳಿ, ಅದನ್ನೇನು ದೊಡ್ಡದು ಮಾಡುವುದು. ಹೀಗಾಗಿ ನನ್ನ ಹಲ್ಲುಬಿದ್ದ ಪೋರರಿಗೆ ನೆಟ್ಟಗೆ ಒಂದು ಅ ಬರೆಯಲು ಬರುವ ಮೊದಲೇ ಏಳರ ಮಗ್ಗಿ ಬಾಯಿಗೆ ಬಂದಿತ್ತು.

ನನಗೆ ಇದ್ದ ಭಯ ಒಂದೇ. ಹೆಡ್‌ಮೇಷ್ಟ್ರಿಗೆ ಕಿವಿ ಕೇಳಿಸುವುದಿಲ್ಲ ಎನ್ನುವ ಸುದ್ದಿ ಒಬ್ಬರ ಬಾಯಿಗೆ ಬಿದ್ದರೆ ಸಾಕು, ಅವರನ್ನು ಮನೆಗೆ ಕಳಿಸಿಬಿಡುತ್ತಾರೆ. ರಜೆಯ ದಿನವೂ ಶಾಲೆಗೆ ಹೋಗಿ ಕರಿಹಲಗೆಗೆ ಮಸಿ ಬಳಿಯುವ ಮನುಷ್ಯ ಅವರು. ಮನೆಯಲ್ಲಿ ಕೂರಿಸಿದರೆ ಮನೆಯ ಗೋಡೆಗೇ ಮಸಿ ಬಳಿದಾರು.

ಹೀಗಿರುವಾಗ ಒಂದು ಶುಕ್ರವಾರ ಸಮಿತಿಯ ಅಧ್ಯಕ್ಷರು ಬಂದರು. ಅವರದು ಸೈಕಲ್ ರಿಪೇರಿ ಅಂಗಡಿ. ಕೈಯ ಗ್ರೀಸನ್ನು ಚಿಂದಿಬಟ್ಟೆಗೆ ಒರೆಸಿಕೊಳ್ಳುತ್ತ ನನ್ನ ಬಾಗಿಲಲ್ಲಿ ನಿಂತರು.

“ಟೀಚರಮ್ಮ, ಕೊನೆಗೂ ನಿಮ್ಮ ಆಸೆ ನೆರವೇರ್ತು. ಗೋಡೆ ಮಂಜೂರಾಯ್ತು.”

“ಯಾವ ಗೋಡೆ?”

“ಅಯ್ಯೋ, ನೀವು ಮೇಜು ಗುದ್ದಿದ್ರಲ್ಲ, ಆ ಗೋಡೆ. ಮಾಡಿನ ತನಕ. ಇನ್ಮೇಲೆ ಆ ಕಡೆ ಸದ್ದು ಈ ಕಡೆ ಬರಲ್ಲ, ಈ ಕಡೇದು ಆ ಕಡೆ ಹೋಗಲ್ಲ.”

ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು. ಅವರು ಅದನ್ನು ಸಂತೋಷ ಅಂದುಕೊಂಡರೋ ಏನೋ, ಇನ್ನೂ ಹುರುಪಿನಿಂದ ಹೇಳಿದರು.

“ನನ್ನ ಮಗಳನ್ನೇ ನೋಡಿ. ಇಲ್ಲಿದ್ದಾಗ ದಿನಾ ಭೇಷ್ ಅನ್ನಿಸ್ಕೊಂಡು ಬರ್ತಿದ್ಳು. ದೊಡ್ಡ ಸ್ಕೂಲಿಗೆ ಹೋದ್ರೆ ಒಂದು ಮಗ್ಗಿ ಬರಲ್ಲ. ಅವಳೊಬ್ಬಳೇ ಅಲ್ಲ, ನಮ್ಮಿಂದ ಹೋದೋರೆಲ್ಲ ಹಾಗೇನಂತೆ. ಯಾಕಿರ್ಬೋದು ಅಂತ ತಲೆ ಕೆರ್ಕೊಂಡೆ. ಈ ಗಲಾಟೆನೇ ಕಾರಣ. ಪಾಪ, ಮಕ್ಕಳಿಗೆ ಪಾಠ ಕಿವಿಗೇ ಬೀಳಲ್ಲ.”

“ಗೋಡೆ ಎಬ್ಬಿಸಿದ್ರೆ ಗಾಳಿ ಆಡಲ್ಲ,” ಅಂದೆ.

“ಕಿಟಕಿ ಇದೆಯಲ್ಲ.”

“ಕತ್ತಲಾಗತ್ತೆ.”

“ಒಂದು ಟ್ಯೂಬ್‌ಲೈಟ್ ಹಾಕ್ಸೋಣ. ಟೀಚರಮ್ಮ, ಈ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡೋದು ಬೇಡ. ಗೋಡೆ ಬೇಕೋ ಬೇಡ್ವೋ?”

ಏನು ಹೇಳಲಿ? ಕೇಳಿದ್ದು ನಾನೇ, ಬೇಡ ಅಂದರೆ ಯಾಕೆ ಅನ್ನುತ್ತಾರೆ. “ಬೇಕು,” ಅಂದೆ.

“ಹಾಗಾದ್ರೆ ಸೋಮವಾರ ಮೇಸ್ತ್ರಿ ಬರ್ತಾರೆ. ಕೆಲಸ ಆದ್ಮೇಲೆ ಎಜುಕೇಶನ್ ಆಫೀಸಿನ ಸಾಹೇಬ್ರು ಬಂದು ಶಾಲೆ ಎಷ್ಟು ಸುಧಾರಿಸಿದೆ ಅಂತ ನೋಡ್ತಾರಂತೆ, ಒಂದೊಂದು ಮಗೂನೂ ಎಬ್ಬಿಸಿ ಕೇಳ್ತಾರಂತೆ. ಹೆಡ್‌ಮೇಷ್ಟ್ರಿಗೆ ನೀವೇ ತಿಳಿಸ್ಬಿಡಿ. ನಾನು ಏನ್ ಹೇಳಿದ್ರೂ ಅವ್ರು ಬರೀ ತಲೆ ಆಡಿಸ್ತಾರೆ.”

ಆ ಸಂಜೆ ಮನೆಯಲ್ಲಿ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ತೊಳೆದ ಲೋಟವನ್ನೇ ತೊಳೆದೆ. ಅವರು ಒಗೆದ ಬಟ್ಟೆ ಮಡಿಸುತ್ತಿದ್ದರು. ಅವರ ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ. ನಲ್ಲಿ ಬಿಟ್ಟುಕೊಂಡು, ಬೆನ್ನು ತಿರುಗಿಸಿಕೊಂಡೇ ಹೇಳಿದೆ.

“ರೀ, ಸೋಮವಾರ ಮೇಸ್ತ್ರಿ ಬರ್ತಾರಂತೆ.”

ಕೇಳಿಸಲಿಲ್ಲವೇನೋ ಅಂತ ನಲ್ಲಿ ನಿಲ್ಲಿಸಿ ತಿರುಗಿದೆ. ಅವರು ಮಡಿಸಿದ ಅಂಗಿಯನ್ನು ಬಿಚ್ಚಿ ಮತ್ತೆ ಮಡಿಸುತ್ತಿದ್ದರು.

“ಯಾರು ಹೇಳಿದ್ರು?”

“ಅಧ್ಯಕ್ಷರು. ಎಲ್ಲ ಮಂಜೂರಾಗಿದೆಯಂತೆ.”

“ಒಳ್ಳೇದಾಯ್ತು ಬಿಡು. ಮಕ್ಕಳಿಗೆ ಒಳ್ಳೇದು.”

“ನಿಮಗೇನೂ ಅನ್ನಿಸಲ್ವಾ?” ನನಗೆ ಸಿಟ್ಟೇ ಬಂತು.

“ಅನ್ನಿಸಿ ಏನ್ ಮಾಡೋದು? ಇವತ್ತಲ್ಲ ನಾಳೆ ಆಗೋದೇ ಇತ್ತಲ್ಲ,” ಅಂದರು. ಆಮೇಲೆ ಅಂಗಿಯನ್ನು ಬೀರುವಿನಲ್ಲಿಟ್ಟು, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು.

ಭಾನುವಾರ ಒಬ್ಬರೇ ಶಾಲೆಗೆ ಹೋಗಿ ತಮ್ಮ ಕಪಾಟು ಖಾಲಿ ಮಾಡಿಕೊಂಡು ಬಂದರು. ಮರದ ದೊಡ್ಡ ಕೈವಾರ, ಹಳೇ ಕೊಡೆ, ನೀರು ಕುಡಿಯುವ ಲೋಟ, ಹಿಡಿ ಮುರಿದ ಗಂಟೆ ಎಲ್ಲ ಒಂದು ಚೀಲದಲ್ಲಿದ್ದವು. “ಧೂಳು ಬೀಳತ್ತೆ ಅಂತ ತಂದ್ರಾ?” ಎಂದು ಕೇಳಿದೆ. “ಹೂಂ,” ಅಂದರು. ಅವರ ‘ಹೂಂ’ಗೆ ಅರ್ಥ ಹುಡುಕುವುದನ್ನು ನಾನು ಯಾವಾಗಲೋ ಬಿಟ್ಟಿದ್ದೆ.

ಸೋಮವಾರ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡರು. ತಮ್ಮ ಕುರ್ಚಿಯನ್ನು ಒರೆಸಿ, ಬಾಗಿಲ ಕಡೆ ಮುಖ ಮಾಡಿಟ್ಟರು. ಮಕ್ಕಳನ್ನು ಎದ್ದು ನಿಲ್ಲಿಸಿದರು. ಇದೇನು ಗೋಡೆ ಕಟ್ಟುವವನಿಗೆ ಇಷ್ಟು ಮರ್ಯಾದೆ ಎಂದು ನಾನು ನನ್ನ ಮಕ್ಕಳಿಗೆ ಕಾಪಿ ಬರೆಯಲು ಹಚ್ಚಿ ಆಚೆ ಬಂದು ನೋಡುತ್ತಿದ್ದೆ. ಮೇಸ್ತ್ರಿ ಬಂದರು. ಎತ್ತರದ ಆಳು, ಒಗೆದ ಅಂಗಿ, ಕಿವಿಯ ಮೇಲೆ ಪೆನ್ಸಿಲ್ಲು. ಸಿಮೆಂಟು, ಕರಣೆ ಎಲ್ಲ ಹಿಂದೆ ಗಾಡಿಯಲ್ಲಿ ಬರುತ್ತಿದ್ದವು. ಗಾರೆ ಕೆಲಸದವರ ಗಂಟಲು ನನ್ನದರಂತೆಯೇ ಇರುತ್ತದೆ, ಆದ್ದರಿಂದ ಅವರ ಮಾತು ನಮ್ಮವರಿಗೂ ಕೇಳಿಸಿತು.

“ಬನ್ನಿ ಮೇಷ್ಟ್ರೇ, ನಿಮಗೇ ಕಾಯ್ತಿದ್ದೆ,” ಎಂದು ನಮ್ಮವರು ಕೈ ಮುಗಿದರು.

“ಲೇಟಾಯ್ತು ಸಾರ್. ಎಲ್ಲಿಂದ ಶುರು ಮಾಡ್ಲಿ?”

“ನಿಮ್ಮಿಷ್ಟ. ಮೂರನೇ ತರಗತಿ ಮಾತ್ರ ಒಂಚೂರು ಹಿಂದಿದೆ.”

ಮೇಸ್ತ್ರಿ ಆ ಕಡೆಯ ಗೋಡೆಯತ್ತ ಕಣ್ಣು ಹಾಯಿಸಿದರು. “ಹಿಂದೆ ಮುಂದೆ ಇದ್ರೇನು, ಎಲ್ಲ ಒಂದೇ ಮಟ್ಟಕ್ಕೆ ತರ್ತೀನಿ ಬಿಡಿ. ಬುನಾದಿ ಗಟ್ಟಿ ಇದೆಯಾ?”

“ಅದಕ್ಕೇನೂ ಯೋಚ್ನೆ ಇಲ್ಲ. ಬುನಾದಿ ನನ್ನ ಹೆಂಡ್ತಿ ನೋಡ್ಕೊಳ್ತಾಳೆ.”

ಮೇಸ್ತ್ರಿ ನನ್ನನ್ನೊಮ್ಮೆ ವಿಚಿತ್ರವಾಗಿ ನೋಡಿದರು. ನನಗೆ ಮೊದಲು ನಗು ಉಕ್ಕಿತು. ಮರುಕ್ಷಣ ಖಾಲಿ ಕಪಾಟು ಕಣ್ಣಿಗೆ ಬಿತ್ತು, ಆ ಬಿಳಿ ಅಂಗಿ, ಒರೆಸಿಟ್ಟ ಕುರ್ಚಿ.

“ಕೂತ್ಕೊಳ್ಳಿ ಮೇಷ್ಟ್ರೇ. ಇನ್ಮೇಲೆ ಇದು ನಿಮ್ದು,” ನಮ್ಮವರು ಕುರ್ಚಿ ತೋರಿಸಿದರು. “ಮಕ್ಕಳು ಒಳ್ಳೆಯವರು. ಎಲ್ರಿಗೂ ಮಗ್ಗಿ ಬರತ್ತೆ.”

ಮೇಸ್ತ್ರಿ ಚಪ್ಪಲಿ ಬಿಟ್ಟು ಕುರ್ಚಿಯ ಮೇಲೆ ಹತ್ತಿ ನಿಂತರು. ಜೇಬಿನಿಂದ ಟೇಪು ತೆಗೆದು ಗೋಡೆಯ ತಲೆಯಿಂದ ಮಾಡಿನವರೆಗೂ ಎಳೆದರು.

ನಮ್ಮವರು ಆ ಟೇಪನ್ನು ನೋಡಿದರು. ಆಮೇಲೆ ಬಾಗಿಲಲ್ಲಿದ್ದ ನನ್ನನ್ನು ನೋಡಿದರು.

“ಮೇಸ್ತ್ರಿ,” ಅಂದರು ಮೆಲ್ಲಗೆ. “ನೀನು ಅವತ್ತು ಮೇಸ್ತ್ರಿ ಅಂದಿದ್ದಾ?”

“ಹೂಂ,” ಅಂದೆ.

ಅವರು ನಕ್ಕರು. ಮಕ್ಕಳೂ ನಕ್ಕರು, ಮೇಷ್ಟ್ರು ನಕ್ಕರೆ ನಗಬೇಕು ಎನ್ನುವುದು ಮಕ್ಕಳಿಗೆ ಗೊತ್ತು. ನನಗೆ ಮಾತ್ರ ಅಳು ಬಂತು. ಮೂರು ದಿನ ಈ ಮನುಷ್ಯ ತನ್ನ ಜಾಗಕ್ಕೆ ಬೇರೊಬ್ಬ ಮೇಷ್ಟ್ರು ಬರುತ್ತಾರೆ ಎಂದು ನಂಬಿಕೊಂಡು ನನ್ನ ಜೊತೆ ಊಟ ಮಾಡಿದ್ದರು, ಅಂಗಿ ಮಡಿಸಿದ್ದರು. ಯಾಕೆ ಎಂದು ಒಂದು ಮಾತು ಕೇಳಿರಲಿಲ್ಲ. ಕೇಳುವ ಅಗತ್ಯವೇ ಅವರಿಗೆ ಕಂಡಿರಲಿಲ್ಲ. ತಮ್ಮ ಕಿವಿಯ ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಗೋಡೆ ಏಳತೊಡಗಿತು. ಇಟ್ಟಿಗೆಯ ಒಂದೊಂದು ಸಾಲು ಏರಿದಂತೆ ನನ್ನ ಗಂಟಲೂ ಏರಿತು. ಮನೆಗೆ ಹೋಗುವಷ್ಟರಲ್ಲಿ ಧ್ವನಿ ಒಡೆದು ಕಾಗೆಯ ಹಾಗಾಗುತ್ತಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಮೇಸ್ತ್ರಿಯ ಹಿಂದೆ ಬಿದ್ದೆ.

“ಮೇಲೆ ಒಂದು ಕಿಂಡಿ ಬಿಡ್ತೀರಾ? ಗಾಳಿಗೆ.”

“ಕಿಂಡಿ ಬಿಟ್ರೆ ಸದ್ದು ಬರತ್ತೆ ಅಕ್ಕ.”

“ಚಿಕ್ಕದು. ಒಂದೇ ಇಟ್ಟಿಗೆಯಷ್ಟು.”

“ಅಧ್ಯಕ್ಷರು ಬಯ್ತಾರೆ. ಅಷ್ಟಕ್ಕೂ ಸದ್ದು ಬೇಕು ಅನ್ನೋರು ಗೋಡೆ ಯಾಕೆ ಕೇಳಿದ್ರಿ?”

ವಾರದೊಳಗೆ ಗೋಡೆ ಮಾಡು ಮುಟ್ಟಿತು, ಗಾರೆಯೂ ಆಯಿತು. ಬುಧವಾರ ಸಾಹೇಬರು ಬರುವುದು, ಮಂಗಳವಾರ ಗೋಡೆಯ ಮೊದಲನೇ ದಿನ.

ಆ ಮಂಗಳವಾರ ನನ್ನ ಕೋಣೆಯಲ್ಲಿ ಎಂದೂ ಇಲ್ಲದ ನಿಶ್ಶಬ್ದ. ಮಕ್ಕಳು ತಲೆ ಬಗ್ಗಿಸಿ ಬರೆಯುತ್ತಿದ್ದರು, ಪಾಠ ಸುಲಲಿತವಾಗಿ ಸಾಗುತ್ತಿತ್ತು. ವರ್ಷಗಟ್ಟಲೆ ನಾನು ಬೇಡಿಕೊಂಡದ್ದು ಇದನ್ನೇ. ಅದು ಸಿಕ್ಕಾಗ ಬೇಡವಾಯಿತು. ಆಚೆ ಏನಾಗುತ್ತಿದೆ? ಮಕ್ಕಳು ಅವರನ್ನು ಆಡಿಕೊಳ್ಳುತ್ತಿದ್ದಾರೋ? ಒಬ್ಬ ಏನೋ ಹೇಳಿ, ಅವರು ಇನ್ನೇನೋ ತಿಳಿದು ಪೆಚ್ಚಾಗಿ ನಿಂತಿದ್ದಾರೋ? ಕರಿಹಲಗೆಯಿಂದ ಬಾಗಿಲಿಗೆ, ಬಾಗಿಲಿನಿಂದ ಕರಿಹಲಗೆಗೆ ಓಡಾಡಿದೆ. ಕೊನೆಗೆ ತಡೆಯಲಾರದೆ ಹೊಸ ಗೋಡೆಗೆ ಕಿವಿ ಒತ್ತಿ ನಿಂತೆ. ಏನೂ ಕೇಳಿಸಲಿಲ್ಲ. ಅವರು ಇಷ್ಟು ದಿನ ಹೇಗಿದ್ದರು ಎನ್ನುವುದು ನನಗೆ ಆಗ ಗೊತ್ತಾಯಿತು.

“ಟೀಚರ್, ಕಿವಿಗೆ ಸಿಮೆಂಟು,” ಎಂದು ಮುಂದಿನ ಬೆಂಚಿನ ಬೊಕ್ಕಬಾಯಿ ಕಿಸಕ್ಕನೆ ನಕ್ಕಳು.

ಕಿವಿ ಒರೆಸಿಕೊಂಡು ಹೊರಗಿನಿಂದ ಸುತ್ತಿಬಂದು ಅವರ ಬಾಗಿಲಲ್ಲಿ ನಿಂತೆ. ಅವರು ಕುರ್ಚಿಯನ್ನು ಮೇಜಿನ ಈಚೆಗೆ ತಂದು ಮಕ್ಕಳ ನಡುವೆ ಹಾಕಿಕೊಂಡಿದ್ದರು. ಮಕ್ಕಳು ಸಾಲಾಗಿ ಬಂದು ಅವರ ಬಲಗಿವಿಯ ಹತ್ತಿರ ಬಾಯಿಟ್ಟು ಉತ್ತರ ಹೇಳುತ್ತಿದ್ದರು. ಅವರೇ ಹೇಳಿಬಿಟ್ಟಿದ್ದರಂತೆ: ಮಕ್ಕಳೇ, ನನಗೆ ಕಿವಿ ಕೇಳ್ಸಲ್ಲ, ಹತ್ತಿರ ಬನ್ನಿ ಅಂತ. ಯಾವ ಮಗುವೂ ನಗುತ್ತಿರಲಿಲ್ಲ. ನಾನು ಇಷ್ಟು ಕಾಲ ಸೆರಗಿನಲ್ಲಿ ಮುಚ್ಚಿಟ್ಟುಕೊಂಡ ಕೆಂಡವನ್ನು ಅವರು ನೆಲಕ್ಕೆ ಹಾಕಿ ತುಳಿದುಬಿಟ್ಟಿದ್ದರು.

“ಏಳೆಂಟ್ಲಿ?” ಎಂದು ಕೇಳಿದರು.

ನಾಲ್ಕನೇ ತರಗತಿಯ ಹುಡುಗಿ ಬಗ್ಗಿ ಹೇಳಿದಳು. “ಐವತ್ತೆರಡು.”

“ಇನ್ನೊಂದ್ಸಲ.”

“ಅರವತ್ತು.”

ಅವರು ಕಣ್ಣು ಮುಚ್ಚಿ ತೆರೆದರು. “ಮೊನ್ನೆ ಸರಿಯಾಗಿ ಹೇಳಿದ್ಯಲ್ಲ ಪುಟ್ಟಿ?”

“ಮೊನ್ನೆನೂ ಅರವತ್ತೇ ಹೇಳಿದ್ದು ಮೇಷ್ಟ್ರೇ. ನೀವು ಭೇಷ್ ಅಂದ್ರಿ.”

ಮುಂದಿನ ಹುಡುಗನೂ ತಪ್ಪಿದ. ಅದರ ಮುಂದಿನವನೂ ತಪ್ಪಿದ. ಅವರು ತಲೆ ಎತ್ತಿ ಬಾಗಿಲಲ್ಲಿ ನನ್ನನ್ನು ಕಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ತಾನಾಗಿ ಗಂಟಲಿಗೆ ಹೋಯಿತು.

ಶಾಲೆ ಬಿಟ್ಟ ಮೇಲೆ ಬೆಂಚಿನ ಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡರು.

“ನೀನು ಆ ಕಡೆಯಿಂದ ಹೇಳ್ತಿದ್ದದ್ದು ನನಗೋಸ್ಕರ ಅಂತ ಗೊತ್ತಿತ್ತು,” ಅಂದರು. “ಮೊದಲನೇ ದಿನದಿಂದ್ಲೂ.”

“ಮತ್ತೆ ಯಾಕೆ ಸುಮ್ನಿದ್ರಿ?”

“ಮಕ್ಕಳು ಹೇಳಿದ್ದನ್ನೇ ಹೇಳ್ತಿದ್ದೀಯ ಅಂದ್ಕೊಂಡಿದ್ದೆ. ಗೋಡೆ ಆಚೆ ಇರೋದು ನನ್ನ ಕಿವಿ ಅಂತ ನಂಬಿದ್ದೆ. ನೋಡಿದ್ರೆ ಅಲ್ಲಿ ಕೂತಿದ್ದದ್ದು ಟೀಚರು.”

ನಾನು ಸಿಡಿದೆ. “ನಿಮ್ಮ ಮಾನ ಹೋಗ್ಬಾರ್ದು ಅಂತ ತಾನೇ ಕಿರಿಚಿ ಕಿರಿಚಿ ಗಂಟಲು ಹರ್ಕೊಂಡಿದ್ದು? ತಪ್ಪನ್ನ ಗಟ್ಟಿಯಾಗಿ ಕೂಗ್ಬೇಕಿತ್ತಾ?”

“ಹೂಂ,” ಅಂದರು. ಈ ಸಲದ ‘ಹೂಂ’ಗೆ ಅರ್ಥ ಇತ್ತು. “ತಪ್ಪನ್ನೇ ಕೂಗ್ಬೇಕಿತ್ತು. ಅದು ಕೇಳಿಸಿದ್ರೆ ತಾನೇ ನಾನು ತಿದ್ದೋದು? ಸೈಕಲ್ ಅಂಗಡಿಯವರ ಮಗಳು ದೊಡ್ಡ ಸ್ಕೂಲಿಗೆ ಹೋಗಿ ಸೊನ್ನೆ ತಗೊಂಡ್ಲು ಅಂತ ನೀನೇ ಹೇಳಿದ್ಯಲ್ಲ, ಅದು ಅವಳ ಸೊನ್ನೆ ಅಲ್ಲ ಕಣೇ.”

ಆ ಕೋಣೆಯಲ್ಲಿ ಅವರು, ನಾನು, ಒದ್ದೆ ಗಾರೆಯ ವಾಸನೆ.

ಬುಧವಾರ ಸಾಹೇಬರು ಬಂದರು, ಜೊತೆಗೆ ಅಧ್ಯಕ್ಷರು. ಮೊದಲು ನನ್ನ ಕೋಣೆಗೇ ಬಂದರು. ನಮ್ಮವರು ಹಿಂದೆ ನಿಂತರು. ಸಾಹೇಬರು ಹೊಸ ಗೋಡೆಯನ್ನು ಬೆರಳಿನಿಂದ ಕುಟ್ಟಿ ನೋಡಿದರು. “ಒಳ್ಳೇ ಕೆಲಸ. ಇನ್ನೇನು, ಶಾಲೆ ಸುಧಾರಿಸಿದ ಹಾಗೇ,” ಎಂದು ಅಧ್ಯಕ್ಷರ ಬೆನ್ನು ತಟ್ಟಿದರು. ನನ್ನ ಮಕ್ಕಳ ಗುಜುಗುಜು ನಿಂತಿರಲಿಲ್ಲ. ಅದರ ನಡುವೆಯೇ ನಮ್ಮವರು ತಮ್ಮ ಎಂದಿನ ತಗ್ಗಿದ ದನಿಯಲ್ಲಿ ಹೇಳಿದರು.

“ನನಗೆ ಕಿವಿ ಕೇಳ್ಸಲ್ಲ. ನನ್ನ ಜಾಗಕ್ಕೆ ಮೇಷ್ಟ್ರು ಬೇಕು.”

ಸಾಹೇಬರು ಗೋಡೆಯಿಂದ ಅರ್ಧ ತಿರುಗಿದರು. “ಮತ್ತೆ ಮೇಸ್ತ್ರಿ ಯಾಕ್ರೀ? ಗೋಡೆ ಮುಗೀತಲ್ಲ?”

ಅಧ್ಯಕ್ಷರು ನಕ್ಕರು. ನಮ್ಮವರು ಸಾಹೇಬರ ತುಟಿಯನ್ನೇ ನೋಡುತ್ತಿದ್ದರು. ಆ ಪದವನ್ನು ಅವರು ಈಗ ಎಲ್ಲಿದ್ದರೂ ಗುರುತಿಸಬಲ್ಲರು. ನನ್ನ ಕಡೆ ತಿರುಗಿದರು.

“ಅವರಿಗೆ ಕೇಳಿಸ್ಲಿಲ್ಲ,” ಅಂದರು. “ನೀನು ಹೇಳು. ನಾನು ಹೇಳಿದ ಹಾಗೇ.”

ಹೇಳಲು ನನಗೆ ಬೇಕಾದಷ್ಟಿತ್ತು. ಮಾಡು ಸೋರುತ್ತದೆ, ಅದಕ್ಕೆ ಮೇಸ್ತ್ರಿ ಬೇಕಂತೆ ಅಂದರೆ ಮುಗಿಯಿತು, ಸಾಹೇಬರು ತಲೆಯಾಡಿಸಿ ಹೋಗುತ್ತಿದ್ದರು. ಬೆನ್ನು ತಿರುಗಿಸಿ ಹೇಳಿದರೆ ನಮ್ಮವರಿಗೆ ಗೊತ್ತೂ ಆಗುತ್ತಿರಲಿಲ್ಲ. ಮಾಡು ಸೋರುವುದು ಸುಳ್ಳೂ ಅಲ್ಲ. ನಾಲಿಗೆ ತಿದ್ದಲು ತುದಿಗೇ ಬಂದು ನಿಂತಿತ್ತು. ಬಾಗಿಲ ಹೊರಗೆ ನಾಲ್ಕನೇ ತರಗತಿಯ ಹುಡುಗಿ ಇಣುಕುತ್ತಿದ್ದಳು, ಐವತ್ತೆರಡರವಳು, ಅರವತ್ತರವಳು.

ಅವರ ಕಡೆಗೇ ಮುಖ ಮಾಡಿ ಗಂಟಲು ಎತ್ತಿದೆ.

“ನನಗೆ ಕಿವಿ ಕೇಳ್ಸಲ್ಲ. ನನ್ನ ಜಾಗಕ್ಕೆ ಮೇಷ್ಟ್ರು ಬೇಕು.”

ನಾನು ಗಂಟಲು ಎತ್ತಿದರೆ ಏನು ಮಾಡಬೇಕೆಂದು ನನ್ನ ಪುಟಾಣಿಗಳಿಗೆ ಅಭ್ಯಾಸವಾಗಿಹೋಗಿತ್ತು. ಕೋಣೆಗೆ ಕೋಣೆಯೇ ಒಕ್ಕೊರಲಲ್ಲಿ ಕೂಗಿತು: “ನನಗೆ ಕಿವಿ ಕೇಳ್ಸಲ್ಲ. ನನ್ನ ಜಾಗಕ್ಕೆ ಮೇಷ್ಟ್ರು ಬೇಕು.”

ಅಧ್ಯಕ್ಷರ ನಗು ನಿಂತಿತು. ಸಾಹೇಬರು ಗೋಡೆಯಿಂದ ಕೈ ತೆಗೆದು ನಮ್ಮವರನ್ನು ಮೊದಲ ಸಲ ನೆಟ್ಟಗೆ ನೋಡಿದರು. ನಮ್ಮವರು ಅವರನ್ನು ನೋಡಲಿಲ್ಲ. ನನ್ನ ತುಟಿಯನ್ನು ನೋಡುತ್ತಿದ್ದರು, ಕೊನೆಯ ಅಕ್ಷರ ಮುಗಿಯುವವರೆಗೂ.

“ಭೇಷ್,” ಅಂದರು. “ಕೂತ್ಕೋ.”

ನಾನು ಬೊಕ್ಕಬಾಯಿಯ ಪಕ್ಕ, ಬೆಂಚಿನ ತುದಿಯಲ್ಲಿ ಕೂತೆ.